ಬೀಜ ತೆಗೆದ ಮೆಣಸಿನಕಾಯಿ

ಸುಲಭಾಳಿಗೆ ಆ ದಿನ ಮೊದಲು ಹೇಸಿಕೆ ಬಂದದ್ದು ತನ್ನದೇ ಗದ್ಯದ ಮೇಲೆ. ಸಂಜೆಯ ಹೊತ್ತಿಗೆ ಅದು ಬೇರೆಯವರಿಗೂ ಧಾರಾಳವಾಗಿ ಹಂಚಿಹೋಯಿತು ಎನ್ನುವುದು ಬೇರೆ ಮಾತು. ಆದರೆ ಶುರುವಾದದ್ದು ಅವಳ ಬಗಲಚೀಲದೊಳಗಿನ ನಾನೂರಾ ಹನ್ನೆರಡು ಹಾಳೆಗಳಿಂದ.

ಎರಡು ಸಾವಿರದ ಆರನೆಯ ಇಸವಿಯ ಫೆಬ್ರುವರಿ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ಸುಲಭಾ ಮೂರು ವರ್ಷದಿಂದ ಒಂದು ಕಾದಂಬರಿಗೆ ಗಂಟುಬಿದ್ದಿದ್ದಳು. ಗಳಗನಾಥದ ಕಡೆಯ ಹೊಳೆಸಾಲಿನಲ್ಲಿ ದೇಸಾಯರ ವಾಡೆಯೊಂದಿತ್ತು. ಅಲ್ಲಿ ಬಾಳಿದ ಇಬ್ಬರು ಅಕ್ಕತಂಗಿಯರ ಕಥೆ ಅದು. ಕಲ್ಪಿಸಿ ಕಟ್ಟಿದ ಹೆಂಗಸರಲ್ಲ, ಉಂಡು ಉಟ್ಟು ಬದುಕಿದವರು. ಅಕ್ಕ ಗೋದಾವರಿಬಾಯಿ ಹದಿನೇಳನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವಳು ತೀರಿಕೊಂಡು ಮೂವತ್ತೈದು ವರ್ಷವಾಗಿತ್ತು. ಮದುವೆಯಾದ ಮೇಲೂ ಅದೇ ವಾಡೆಯಲ್ಲಿದ್ದ ತಂಗಿ ಚಂಪೂತಾಯಿ ಈಗ ಎಂಬತ್ತೇಳರ ಮುದುಕಿ. ಹಾವೇರಿಯಲ್ಲಿ ಮೊಮ್ಮಗ ರಮೇಶನ ಮನೆಯಲ್ಲಿ ಇನ್ನೂ ಗಟ್ಟಿಮುಟ್ಟಾಗಿ ಕೂತಿದ್ದಳು.

ಪುಣೆಯಿಂದ ವರ್ಗವಾಗಿ ಬಂದ ಮಾಮಲೇದಾರರ ಹೆಂಡತಿಯೊಬ್ಬಳು ಆ ಅಕ್ಕತಂಗಿಯರಿಗೆ ಸತ್ತವರನ್ನು ಕರೆಯುವ ವಿದ್ಯೆ ಕಲಿಸಿದ್ದಳು. ಪ್ಲಾಂಚೆಟ್ ಎನ್ನುತ್ತಿದ್ದರು. ಮಣೆಯ ಮೇಲೆ ಸುತ್ತಲೂ ಸೀಮೆಸುಣ್ಣದಲ್ಲಿ ಅಕ್ಷರಗಳು, ನಡುವೆ ಬೋರಲು ಹಾಕಿದ ಬೆಳ್ಳಿಯ ಪುಟ್ಟ ಬಟ್ಟಲು, ಅಂದರೆ ವಾಟಿ, ಅದರ ಮೇಲೆ ಇಬ್ಬರ ತೋರುಬೆರಳು. ಕರೆದವರು ಬಂದರೆ ವಾಟಿ ತಾನೇ ಜಾರಿ ಒಂದೊಂದೇ ಅಕ್ಷರ ಮುಟ್ಟುತ್ತದೆ. ಪ್ರತಿ ಗುರುವಾರ ದೀಪ ಹಚ್ಚುವ ಹೊತ್ತಿಗೆ ಗೋದಾವರಿಯ ಗಂಡ ಬರುತ್ತಿದ್ದ. ಮೂವತ್ತಾರು ವರ್ಷ ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಬದುಕಿರುವ ಗಂಡಂದಿರಲ್ಲೂ ಇಷ್ಟು ಶಿಸ್ತು ಕಾಣುವುದಿಲ್ಲ. ಅವನು ಹೇಳಿದ್ದನ್ನೆಲ್ಲ ಗೋದಾವರಿ ಬರೆದಿಟ್ಟ ಹನ್ನೊಂದು ನೋಟುಬುಕ್ಕುಗಳನ್ನು ರಮೇಶನೇ ತಂದುಕೊಟ್ಟಿದ್ದ. ಓದಿದ ಮೊದಲ ವಾರ ಸುಲಭಾ ಅತ್ತಿದ್ದಳು. ಸಾವನ್ನೂ ದಾಟಿದ ಪ್ರೀತಿ ಎಂದು ಹಾಳೆಯ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು.

ಕಾದಂಬರಿಯ ನಡುಮಧ್ಯದಲ್ಲಿ ಮೆಣಸಿನಕಾಯಿಯ ಪ್ರಸಂಗವಿತ್ತು. ಸಾವಿರದ ಒಂಬೈನೂರಾ ಮೂವತ್ತೇಳರಲ್ಲಿ ಹಾವೇರಿಯ ಡಾಕ್ಟರೊಬ್ಬ ಗೋದಾವರಿಯನ್ನು ಮದುವೆಯಾಗುತ್ತೇನೆಂದು ವಾಡೆಗೆ ಪತ್ರ ಬರೆದ. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ. ಗೋದಾವರಿಯ ಮನಸ್ಸು ಅಲುಗಿತು, ಅಲುಗಿದ ಮನಸ್ಸಿಗೆ ವಾಟಿಯ ಮೇಲೆ ಸಂಶಯ ಬಂತು. ಸತ್ತ ಗಂಡನಿಗೆ ಒಂದು ಪರೀಕ್ಷೆ ಒಡ್ಡಿದಳು. ನಮ್ಮ ಕಡೆ ದೃಷ್ಟಿ ತೆಗೆಯುವಾಗ ಉಪ್ಪು ಮೆಣಸಿನಕಾಯಿ ಇಳಿಸಿ ಕೆಂಡಕ್ಕೆ ಹಾಕುತ್ತಾರೆ. ಘಾಟು ಬಾರದಿದ್ದರೆ ಏನೋ ಇದೆ ಎಂದು ಲೆಕ್ಕ. ಗೋದಾವರಿ ಕೇಳಿದ್ದೂ ಅದನ್ನೇ: ನೀವು ಈ ಕೋಣೆಯಲ್ಲಿ ಇದ್ದದ್ದು ನಿಜವಾದರೆ ಏಳು ಮೆಣಸಿನಕಾಯಿ ಕೆಂಡಕ್ಕೆ ಬಿದ್ದರೂ ಘಾಟು ಬರಬಾರದು. ನೋಟುಬುಕ್ಕಿನ ಆ ದಿನದ ಪುಟದಲ್ಲಿ ಮೂರೇ ಸಾಲು. ‘ಚಮನಬಿ ಮೆಣಸಿನಕಾಯಿ ತಂದಳು. ಘಾಟು ಬರಲಿಲ್ಲ. ಅವರು ಇದ್ದಾರೆ.’ ಮರುದಿನ ಡಾಕ್ಟರಿಗೆ ಆಗುವುದಿಲ್ಲವೆಂದು ಉತ್ತರ ಹೋಯಿತು.

ಈ ಮೂರು ಸಾಲಿಗೆ ಸುಲಭಾ ಹದಿನಾಲ್ಕು ಪುಟ ಬರೆದಿದ್ದಳು. ‘ಉರಿಯೂ ಅವಳ ಒಲವಿಗೆ ತಲೆಬಾಗಿತು’ ಎಂಬ ವಾಕ್ಯವೂ ಅದರಲ್ಲಿತ್ತು. ಖಾರದಪುಡಿಯ ಪಾಕೀಟು ಕತ್ತರಿಸಿ ಅಡುಗೆ ಮಾಡುವ ಹೆಂಗಸು, ಬ್ಯಾಡಗಿಯಿಂದ ಒಂದು ತಾಸಿನ ಬಸ್ಸಿನ ದಾರಿಯಷ್ಟೇ ದೂರದಲ್ಲಿ ಕೂತು, ಘಾಟು ಯಾಕೆ ಬರಲಿಲ್ಲ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಆ ದಿನ ಬ್ಯಾಡಗಿಗೆ ಹೊರಟದ್ದು ಕೂಡ ಅದನ್ನು ಕೇಳಲಿಕ್ಕಲ್ಲ. ವಾಡೆಯ ಕೆಲಸದವಳಾಗಿದ್ದ ಚಮನಬಿಯ ಮಗಳು ಹಾಜಿರಾಬಿ ಅಲ್ಲಿದ್ದಾಳೆಂದು ಪತ್ತೆಯಾಗಿತ್ತು. ವಾಡೆಯ ಹಳೆಯ ನಾಲ್ಕು ಮಾತು ಸಿಕ್ಕರೆ ವರ್ಣನೆಗೆ ಬಣ್ಣ ಬರುತ್ತದೆಂಬ ಆಸೆ.

ಹಾಜಿರಾಬಿ ವ್ಯಾಪಾರಿಯೊಬ್ಬನ ಅಂಗಳದಲ್ಲಿ ಮೆಣಸಿನಕಾಯಿಯ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಮೂಗಿಗೆ ಸೆರಗು ಕಟ್ಟಿದ್ದಳು. ಸುಲಭಾ ಮೂರು ಸಲ ಸೀನಿ, ಮೂಗು ಒರೆಸಿಕೊಂಡು, ವಾಡೆಯ ಹೆಸರು ಹೇಳಿದಳು. ಮುದುಕಿಯ ಕೈ ನಿಂತಿತು.

“ಏಳ ಕಾಯಿ ಸುದ್ದಿ ಕೇಳಾಕ ಬಂದೀರೇನ್ರಿ? ನಮ್ಮವ್ವ ಸಾಯೂತನಾ ಅದನ್ನ ಹೇಳಿಕೋತ ಸತ್ಲು.”

“ಏನಂತ ಹೇಳ್ತಿದ್ರು?”

“ಸಣ್ಣ ಬಾಯಾರು ಕರದು ಹೇಳಿದ್ರಂತ. ಚಮನಬೀ, ಏಳ ಕಾಯಿ ಬೇಕು. ಮ್ಯಾಲ ನೋಡಿದ್ರ ಕಾಯಿ ಇರಬೇಕು, ಒಳಗ ಏನೂ ಇರಬಾರದು. ಅಕ್ಕಗ ಗೊತ್ತಾಗಬಾರದು.”

ಸುಲಭಾಳಿಗೆ ತಿಳಿಯಲಿಲ್ಲ. ಹಾಜಿರಾಬಿ ಮಾತು ಬೆಳೆಸುವ ಹೆಂಗಸಲ್ಲ. ರಾಶಿಯಿಂದ ಉದ್ದನೆಯ, ಸುಕ್ಕುಸುಕ್ಕಾದ ಒಂದು ಕಾಯಿ ಎತ್ತಿಕೊಂಡಳು. ಸೆರಗಿಗೆ ಚುಚ್ಚಿಕೊಂಡಿದ್ದ ಪಿನ್ನು ತೆಗೆದು ಕಾಯಿಯ ಸುಕ್ಕಿನ ಗುಂಟ ಸೀಳಿದಳು, ಕೆಳಮುಖ ಮಾಡಿ ಬೆರಳಿಂದ ತಟ್ಟಿದಳು. ಬೀಜಗಳು ಉದುರಿದವು. ಒಳಗಿನ ಬಿಳಿಯ ನಾರನ್ನು ಉಗುರಲ್ಲಿ ಎಳೆದು ಬಿಸಾಕಿದಳು. ಆಮೇಲೆ ಸೀಳಿದ ಅಂಚುಗಳನ್ನು ಒತ್ತಿ ಹಿಡಿದು ತೋರಿಸಿದಳು. ಎಲ್ಲಿ ಸೀಳಿತ್ತೆಂದು ಸುಲಭಾಳಿಗೆ ಹುಡುಕಬೇಕಾಯಿತು.

“ಜಾಲಿ ಮುಳ್ಳಲೇ ಸೀಳಿ, ಜಾಲಿ ಅಂಟು ಹಚ್ಚಿ ಕೂಡಿಸಿದ್ಲಂತ. ಖಾರ ಇರೂದು ಸಿಪ್ಪಿಯೊಳಗ ಅಲ್ರಿ, ಆ ನಾರಿನಾಗ, ಅದಕ್ಕ ಹತ್ತಿದ ಬೀಜದಾಗ. ನಮ್ಮ ಬ್ಯಾಡಗಿ ಕಾಯಿ ಮೊದಲ ಬಣ್ಣಕ್ಕ ಹೆಸರಾದದ್ದು, ಖಾರಕ್ಕಲ್ಲ. ಬೀಜಾ ನಾರು ತಗದು ಕೆಂಡದಾಗ ಹಾಕಿದ್ರ ಎಲಿ ಸುಟ್ಟಂಗ ವಾಸನಿ ಬರತೈತಿ ಅಷ್ಟ. ಗಂಟಲಾ ಹಿಡಿಯೂದಿಲ್ಲ.”

“ಇದು ಇಲ್ಲಿ ಎಲ್ಲಾರಿಗೂ ಗೊತ್ತದ ಏನು?”

“ಈ ಅಂಗಳದಾಗ ಯಾರನ್ನ ಕೇಳಿದ್ರೂ ಹೇಳ್ತಾರ. ದೇಸಾಯರ ಮನಿ ದೊಡ್ಡ ಬಾಯಾರಿಗೆ ಗೊತ್ತಿದ್ದಿಲ್ಲ. ಕುಟ್ಟಿದ ಖಾರ ಕಂಡಾಕಿ ಆಕಿ, ಕಾಯಿ ಬಿಡಿಸಿದಾಕಿ ಅಲ್ಲ.”

ಹಾಜಿರಾಬಿ ಮತ್ತೆ ತೊಟ್ಟು ಬಿಡಿಸತೊಡಗಿದಳು. ತಲೆ ಎತ್ತದೆ ಹೇಳಿದಳು: “ಮರದಿನಾ ದೊಡ್ಡ ಬಾಯಾರು ಹೋಳಿಗಿ ಮಾಡಿ, ಹಿತ್ತಲದಾಗ ಕುಂದರಸಿ, ಕೆಲಸದವರಿಗೆಲ್ಲಾ ನೀಡಿದ್ರಂತ. ನನ ಗಂಡ ಬಂದಾನ, ಹಬ್ಬಾ ಅಂತ. ನಮ್ಮವ್ವಗ ಒಂದ ತುತ್ತೂ ಇಳೀಲಿಲ್ಲ. ಸಣ್ಣ ಬಾಯಾರು ಆಕಿಗೆ ಹಸರ ಇಳಕಲ್ ಸೀರಿ ಕೊಟ್ರು. ಉಡಲಿಲ್ರಿ. ಹರದು ಕೌದಿಗೆ ಹಚ್ಚಿದ್ಲು.”

ಹೊರಡುವಾಗ ಹಾಜಿರಾಬಿ ಕೇಳದೆಯೇ ಒಂದು ಹಿಡಿ ಮೆಣಸಿನಕಾಯಿಯನ್ನು ಕಾಗದದಲ್ಲಿ ಸುತ್ತಿಕೊಟ್ಟಳು. “ಇವು ಬೀಜಾ ಇದ್ದ ಕಾಯಿ ಅದಾವು,” ಎಂದಳು.

ಹಾವೇರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸುಲಭಾ ಹಸ್ತಪ್ರತಿ ತೆಗೆದು ಓದಿದಳು, ಹಲ್ಲುನೋವಿದ್ದವರು ನಾಲಗೆಯಿಂದ ಅದೇ ಹಲ್ಲನ್ನು ಮುಟ್ಟಿ ಮುಟ್ಟಿ ನೋಡುವಂತೆ. ಗಂಡನ ಮಾತುಗಳನ್ನು ಅವಳು ನೋಟುಬುಕ್ಕಿನಿಂದ ಹಾಗೇ ಎತ್ತಿ ಹಾಕಿದ್ದಳು. ‘ಗೋದಾ, ಇಲ್ಲೇ ಇರು. ನಾನೂ ಇಲ್ಲೇ ಇದ್ದೀನಿ.’ ‘ಇವತ್ತಿನ ಹೂರಣ ಮೆತ್ತಗಾಗಿತ್ತು. ಬರುವ ವಾರ ಮತ್ತೆ ಮಾಡು.’ ‘ಚಂಪೂನ ಬಾಣಂತನ ಚೆನ್ನಾಗಿ ಮಾಡು, ಅವಳು ಅಶಕ್ತಳು.’ ‘ಬದನೆಕಾಯಿ ಎಣಗಾಯಿ ಮಾಡಿ ಬಹಳ ದಿನವಾಯಿತು.’ ಹೋಳಿಗೆಗಾಗಿ ಹಂಬಲಿಸುವ ಸತ್ತ ಗಂಡ! ಇದರಲ್ಲಿ ಎಂಥ ಕರುಳಿದೆ ಎಂದು ಸುಲಭಾ ಕರಗಿಹೋಗಿದ್ದಳು, ಅದರ ಮೇಲೆ ಒಂದು ಇಡೀ ಅಧ್ಯಾಯ ಬರೆದಿದ್ದಳು. ಈಗ ಓದಿದರೆ ಅದು ತಿಂಡಿಪೋತಿ ತಂಗಿಯೊಬ್ಬಳು ಅಕ್ಕನಿಗೆ ಕೊಟ್ಟ ಅಡುಗೆಯ ಆರ್ಡರು. ಸುಲಭಾ ಹಾಳೆಗಳನ್ನು ಮಡಚಿದಳು. ಕಿಟಕಿಯ ಸರಳು ಹಿಡಿದುಕೊಂಡು ಕಣ್ಣು ಮುಚ್ಚಿದಳು, ಬಗಲಿನವಳು ಬಸ್ಸಿನ ತ್ರಾಸೆಂದುಕೊಂಡು ಮುಸುಂಬಿಯ ಸಿಪ್ಪೆ ಮೂಸಲಿಕ್ಕೆ ಕೊಟ್ಟಳು.

ಇನ್ನೂ ಕೆಟ್ಟದ್ದೊಂದಿತ್ತು. ಕೊನೆಯ ಅಧ್ಯಾಯ. ಅದಕ್ಕೆ ನೋಟುಬುಕ್ಕಿನ ಆಧಾರವಿರಲಿಲ್ಲ, ಸುಲಭಾ ತನ್ನ ತಲೆಯಿಂದಲೇ ಬರೆದದ್ದು. ಸಾಯುವ ಗೋದಾವರಿ ತಂಗಿಯ ಕೈಯನ್ನು ಎದೆಗೊತ್ತಿಕೊಂಡು ಹೇಳುತ್ತಾಳೆ: ‘ಚಂಪೂ, ನೀನು ಏನು ಮಾಡಿದ್ದರೂ ನನಗೆ ಒಳ್ಳೆಯದನ್ನೇ ಮಾಡಿದಿ. ನನ್ನ ಮನಸ್ಸಿನಲ್ಲಿ ಏನೂ ಇಲ್ಲ.’ ಅಕ್ಕತಂಗಿಯರೆಂದ ಮೇಲೆ ಸಣ್ಣಪುಟ್ಟ ಜಗಳ ಇದ್ದೇ ಇರುತ್ತವೆ, ಅವಕ್ಕೊಂದು ಚೆಂದದ ಮುಕ್ತಾಯ ಇರಲಿ ಎಂದು ಬರೆದ ಮಾತು. ಹೋದ ತಿಂಗಳು ರಮೇಶ ಅಜ್ಜಿಗೆ ಓದಿ ತೋರಿಸುತ್ತೇನೆಂದು ಆ ಹನ್ನೆರಡು ಹಾಳೆ ಒಯ್ದಿದ್ದ. ಇನ್ನೂ ಮರಳಿಸಿರಲಿಲ್ಲ. ಅವನ್ನು ಇವತ್ತೇ ಕಸಿದುಕೊಳ್ಳಬೇಕು ಎಂದು ಸುಲಭಾ ಬಸ್ಸಿನಲ್ಲೇ ತೀರ್ಮಾನ ಮಾಡಿದಳು.

ಚಂಪೂತಾಯಿ ನಡುಮನೆಯ ಮಂಚದ ಮೇಲೆ ಕೂತು ಹಾಲಿನಲ್ಲಿ ನೆನೆಸಿದ ಅವಲಕ್ಕಿ ತಿನ್ನುತ್ತಿದ್ದಳು. ಬೆಳ್ಳಗೆ, ದುಂಡಗೆ, ಮೀಸಿದ ತಲೆಗೆ ಎಣ್ಣೆ ಹಚ್ಚಿಕೊಂಡ ಮುದುಕಿ. ತೊಡೆಯ ಮೇಲೆ ಆ ಹನ್ನೆರಡು ಹಾಳೆಗಳಿದ್ದವು. ಮೇಲಿನ ಹಾಳೆಗೆ ಅರಿಷಿಣ ಕುಂಕುಮ ಏರಿಸಿತ್ತು, ಒಂದು ಮೂಲೆಗೆ ಅವಲಕ್ಕಿ ಮೆತ್ತಿತ್ತು.

“ಬಾರವಾ ಸುಲಭಾ, ಕೂಡು. ನಿನ್ನೆ ರಮೇಶನ ಕಡಿಂದ ಮತ್ತ ಓದಿಸಿದೆ. ದಿನಾ ಓದಸ್ತೀನಿ. ಈಗ ದೇವರ ಮುಂದ ಇಟ್ಟು ತಂದೀನಿ ನೋಡು.”

“ಚಮನಬಿ ಮಗಳನ್ನ ಕಂಡು ಬಂದೆ, ಅಜ್ಜೀ.”

ಮುದುಕಿ ಬಾಯಿಗೆ ಒಯ್ದ ಚಮಚೆಯನ್ನು ಬಾಯಿಗೇ ಇಟ್ಟಳು, ಕೆಳಗಿಳಿಸಲಿಲ್ಲ. ಅಗಿದು, ನುಂಗಿ, “ಇನ್ನೂ ಇದ್ದಾಳೇನು ಆಕಿ?” ಎಂದಳು.

“ಕಾಯಿ ಹ್ಯಾಂಗ ಸೀಳಿದ್ರು ಅಂತ ತೋರಿಸಿದ್ಲು. ವಾಟೀನೂ ನೀವೇ ನೂಕತಿದ್ರೇನು?”

ಸಿಕ್ಕಿಬಿದ್ದವರ ಮುಖವನ್ನು ಸುಲಭಾ ನಿರೀಕ್ಷಿಸಿದ್ದಳು. ಚಂಪೂತಾಯಿಯ ಮುಖ ಅರಳಿತು. ಎಪ್ಪತ್ತು ವರ್ಷ ಯಾರಿಗೂ ತೋರಿಸಲಾಗದ ಜಾಣತನವೊಂದು ಕೊನೆಗೂ ಪ್ರೇಕ್ಷಕರನ್ನು ಕಂಡಿತ್ತು. ಉಳಿದ ಹಾಲನ್ನು ಸುರ್ರೆಂದು ಕುಡಿದು, ಸ್ಟೀಲಿನ ಬಟ್ಟಲನ್ನು ಪಕ್ಕದ ಸ್ಟೂಲಿನ ಮೇಲೆ ಬೋರಲು ಹಾಕಿದಳು. ಅಂಚಿನಿಂದ ಹಾಲು ಒಸರಿತು. ಹಳದಿ ಉಗುರಿನ ತೋರುಬೆರಳನ್ನು ಬಟ್ಟಲಿನ ಮೇಲೆ ಇಟ್ಟಳು.

“ನೂಕೂದಲ್ಲವಾ. ನೂಕಿದ್ರ ಗೊತ್ತಾಗ್ತದ. ಬರೇ ಒರಗೂದು. ನಿನ್ನ ಬೆರಳೂ ಇಡು ನೋಡೋಣ.”

ಸುಲಭಾ ಯಾಕೆ ಇಟ್ಟಳೋ, ಇಟ್ಟಳು. ಬಟ್ಟಲು ಮೆಲ್ಲಗೆ, ತಾನಾಗಿಯೇ ಎಂಬಂತೆ, ಹಾಲಿನ ಜಿಡ್ಡಿನ ಮೇಲೆ ಜಾರತೊಡಗಿತು. ಅದು ಸ್ಟೂಲಿನ ಅಂಚಿಗೆ ಬಂದು ನಿಂತಾಗ, ತಳ್ಳಿದ್ದು ತಾನೇ ಇರಬಹುದೇ ಎಂದು ಒಂದು ಕ್ಷಣ ಅನ್ನಿಸಿ ಸುಲಭಾ ಬೆರಳು ಹಿಂದೆಗೆದಳು. ಸೀರೆಗೆ ಮೂರು ಸಲ ಒರೆಸಿಕೊಂಡರೂ ಬೆರಳಿನ ಅಂಟು ಹೋಗಲಿಲ್ಲ.

“ಯಾಕ ಮಾಡಿದ್ರಿ ಇದನ್ನ? ಆ ಡಾಕ್ಟರ್ ಮದುವಿ ಆಗ್ತೀನಂದಿದ್ದ. ಆಕಿಗೆ ಇಪ್ಪತ್ತೆರಡು ವರ್ಷ.”

“ಆಕಿ ಹೋದ್ರ ಮಡೀಲೆ ಅಡಗಿ ಮಾಡವ್ರು ಯಾರು? ನನಗ ಒಲಿ ಮುಂದ ಕೂತ್ರ ತಲಿಶೂಲಿ. ಅಪ್ಪಗ ಆಕಿ ಕೈಯಾನ ಊಟಾನೇ ಆಗಬೇಕು. ಆಮ್ಯಾಲ ನನ್ನ ಮೂರು ಬಾಣಂತನಾ. ಎಲ್ಲಾ ಆಕಿನೇ ಮಾಡಿದ್ಲು, ನಕ್ಕೋತ ಮಾಡಿದ್ಲು. ಗುರುವಾರಕ್ಕೊಮ್ಮೆ ಗಂಡ ಬಂದು ಶಾಬಾಸ್ ಅಂತಿದ್ದ. ಆಕೀಗೇನು ಕಡಿಮಿ ಆಗಿತ್ತು, ನೀನೇ ಹೇಳು.”

ಆಸ್ತಿಗಾಗಿ ಮಾಡಿದ್ದರೆ, ಹೊಟ್ಟೆಕಿಚ್ಚಿಗೆ ಮಾಡಿದ್ದರೆ, ಸುಲಭಾ ಹೇಗಾದರೂ ನುಂಗಿಕೊಳ್ಳುತ್ತಿದ್ದಳೇನೋ. ಕಾದಂಬರಿಗಳಲ್ಲಿ ಅವಕ್ಕೆ ಜಾಗವಿದೆ. ಒಬ್ಬ ಹೆಂಗಸಿನ ಇಡೀ ಬಾಳು ಇನ್ನೊಬ್ಬಳ ತಲೆಶೂಲೆಗಾಗಿ ಒಲೆಯ ಮುಂದೆ ಬೆಂದುಹೋಯಿತು ಎನ್ನುವುದಕ್ಕೆ ಎಲ್ಲಿ ಜಾಗ ಮಾಡುವುದು? ಅವಳಿಗೆ ಮುದುಕಿಯ ಎಣ್ಣೆಯ ವಾಸನೆ, ಹಾಲಿನ ವಾಸನೆ, ಆ ತೃಪ್ತಿಯ ಮುಖ ಎಲ್ಲವೂ ಅಸಹ್ಯವಾದವು.

“ಆ ಹಾಳಿ ಕೊಡ್ರಿ, ಅಜ್ಜೀ. ಆ ಅಧ್ಯಾಯ ನಾ ತಗೀತೀನಿ.”

ಚಂಪೂತಾಯಿಯ ಕೈ ತಟ್ಟನೆ ಹಾಳೆಗಳ ಮೇಲೆ ಬಿತ್ತು. ಮೊದಲ ಸಲ ಅವಳ ದನಿ ಅದುರಿತು.

“ಕೊಡೂದಿಲ್ಲ. ಆಕಿ ಹೇಳ್ಯಾಳ ಇದರಾಗ, ಮನಸಿನ್ಯಾಗ ಏನೂ ಇಲ್ಲ ಅಂತ.”

“ಆಕಿ ಹೇಳಿಲ್ಲ. ನಾ ಬರದದ್ದು ಅದು.”

“ನೀ ಬರದ್ರೇನಾತು, ಆಕಿ ಬರಸ್ಯಾಳ. ನಿನಗ ಏನ ಗೊತ್ತು? ಸಾಯೂ ಮುಂದ ಆಕಿ ಅತ್ತಿಲ್ಲ ಏನಿಲ್ಲ, ನಗತಿದ್ಲು. ಇನ್ನ ವಾಟಿ ಬ್ಯಾಡ ಚಂಪೂ, ಎದುರಾ ಎದುರೇ ಮಾತಾಡ್ತೀವಿ ಅಂದ್ಲು. ಮ್ಯಾಲ ಹೋಗಿ ಕೇಳಿರ್ತಾಳಲ್ಲ ಗಂಡನ್ನ. ನೀವು ಹೋಳಿಗಿ ಬೇಡಿದ್ರಿ, ಇರು ಅಂದ್ರಿ ಅಂತ ಕೇಳಿರ್ತಾಳ. ನಾ ಎಲ್ಲಿ ಬೇಡಿದ್ದೆ ಅಂದಿರ್ತಾನ ಆಂವಾ.” ಮುದುಕಿ ಉಸಿರು ತೆಗೆದುಕೊಂಡಳು. “ಮೂವತ್ತೈದು ವರ್ಷ ಆತು, ಕಣ್ಣು ಮುಚ್ಚಿದ್ರ ಅದೇ ಕಾಣ್ತದ. ಆಕಿ ಅಲ್ಲಿ ನಿಂತು ನನ್ನ ದಾರಿ ಕಾಯಲಿಕ್ಕತ್ಯಾಳ.”

ಮೂವತ್ತಾರು ವರ್ಷ ಸತ್ತವನ ಹೆಸರಲ್ಲಿ ಬಟ್ಟಲು ಜಾರಿಸಿದ ಹೆಂಗಸಿಗೆ ಸತ್ತವರ ಮೇಲೆ ಇಷ್ಟು ನಂಬಿಕೆ. ಸುಲಭಾಳಿಗೆ ಕನಿಕರ ಬರಬೇಕಾಗಿತ್ತು. ಬರಲಿಲ್ಲ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ರಮೇಶ ಒಳಗೆ ಬಂದ. ಸಂಭಾವಿತ, ವಕೀಲ. “ಬಿಡ್ರಿ ಮೇಡಂ,” ಎಂದ ತಗ್ಗಿದ ದನಿಯಲ್ಲಿ. “ಆ ಹಾಳಿ ಬಂದ ಮ್ಯಾಲೆ ಅಜ್ಜಿ ನಿದ್ದಿ ಗುಳಗಿ ಇಲ್ದ ಮಲಗ್ತಾಳ. ಹೋದಾಕಿ ಹೋದ್ಲು. ಪುಸ್ತಕದಾಗ ಅದೊಂದು ಅಧ್ಯಾಯ ಇದ್ರ ಯಾರಿಗೆ ಏನು ಲುಕ್ಸಾನು?”

ಹೋದಾಕಿ ಹೋದ್ಲು. ಇಂಥ ಮಾತನ್ನು ಎಷ್ಟು ಸಲೀಸಾಗಿ ಆಡುತ್ತಾರೆ ಜನ! ಗೋದಾವರಿಯ ಗಂಡನ ಬಾಯಲ್ಲಿ ಇವರು ತಮಗೆ ಬೇಕಾದ ಮಾತು ಆಡಿಸಿದರು. ಈಗ ಗೋದಾವರಿಯ ಬಾಯಲ್ಲೂ ಆಡಿಸಬೇಕು, ಅದಕ್ಕೆ ರಾಣೆಬೆನ್ನೂರಿನಿಂದ ಒಬ್ಬ ಕಾದಂಬರಿಕಾರ್ತಿ ಬೇಕು. ಅವಳು ಬಂದೂ ಆಗಿದೆ, ಒರಗಿಯೂ ಆಗಿದೆ. ಹನ್ನೆರಡು ಹಾಳೆ.

ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ರಮೇಶನ ಹೆಂಡತಿ ದೀಪಾಲಿ ಸೊಳ್ಳೆಗೆಂದು ಧೂಪದ ಕೆಂಡವನ್ನು ತಂದು ಮಂಚದ ಬಳಿ ಇಟ್ಟು ಒಳಗೆ ಹೋದಳು. ಸುಲಭಾ ಆ ಕೆಂಡವನ್ನು ನೋಡಿದಳು. ಚೀಲದಿಂದ ಹಾಜಿರಾಬಿ ಕೊಟ್ಟ ಪೊಟ್ಟಣ ತೆಗೆದು ಬಿಚ್ಚಿದಳು. ಏಳು ಮೆಣಸಿನಕಾಯಿ ಎಣಿಸಿಕೊಂಡಳು.

“ಅಜ್ಜೀ, ಆಕಿ ಬರಸ್ಯಾಳ ಅಂತೀರಿ. ಹಂಗಿದ್ರ ಆಕಿ ಇಲ್ಲೇ ಇರಬೇಕು. ಇದ್ರ ಘಾಟು ಬರಬಾರದು, ಹೌದಿಲ್ಲೋ?”

ಚಂಪೂತಾಯಿಯ ಕಣ್ಣುಗಳು ಆ ಕಾಯಿಗಳ ಮೇಲೆ ನೆಟ್ಟವು. ಬೇಡ ಎನ್ನಲಿಲ್ಲ. ಅವಳ ಮುಖದಲ್ಲಿ ಒಂದು ಆಸೆ ಮೂಡಿದ್ದನ್ನು ಸುಲಭಾ ಕಂಡಳು, ಕಂಡೂ ಹಾಕಿದಳು.

ಮೊದಲು ಸಿಪ್ಪೆ ಕಪ್ಪಾಯಿತು, ಎಲೆ ಸುಟ್ಟಂಥ ವಾಸನೆ ಬಂತು. ಒಂದು ಗಳಿಗೆ ಅಷ್ಟೇ ಬಂತು. ಮುದುಕಿ ಹಾಳೆಗಳನ್ನು ಎದೆಗೊತ್ತಿಕೊಂಡು ಮುಂದೆ ಬಾಗಿ, ಮೂಗರಳಿಸಿ, “ಬಂದ್ಲು, ಅಕ್ಕ ಬಂದ್ಲು,” ಎಂದಳು. ಆಮೇಲೆ ಬೀಜಗಳು ಚಟಪಟ ಸಿಡಿದವು. ಘಾಟು ಒಮ್ಮೆಲೇ ಎದ್ದು ಕೋಣೆಯನ್ನು ಹಿಡಿಯಿತು. ರಮೇಶ ಕೆಮ್ಮುತ್ತ ಕಿಟಕಿಗಳತ್ತ ಓಡಿದ. ಒಳಗಿನಿಂದ ದೀಪಾಲಿಯ ಕೆಮ್ಮು ಕೇಳಿಸಿತು. ಸುಲಭಾಳ ಗಂಟಲು ಸುಟ್ಟಿತು, ಕಣ್ಣಲ್ಲಿ ನೀರು ಸುರಿಯಿತು, ಆದರೆ ಎದ್ದು ಹೋಗಲಿಲ್ಲ.

“ಆಕಿ ಬಂದಿಲ್ರಿ,” ಎಂದಳು.

ಚಂಪೂತಾಯಿಯ ಮೈಯೆಲ್ಲ ಕೆಮ್ಮಿನಿಂದ ಕುಲುಕುತ್ತಿತ್ತು. ರಮೇಶ ನೀರು ತಂದು ಕುಡಿಸಿದ, ಬೆನ್ನು ತಿಕ್ಕಿದ, ಸುಲಭಾಳತ್ತ ನೋಡಿದ ನೋಟದಲ್ಲಿ ಇನ್ನು ಈ ಮನೆಗೆ ಬರಬೇಡ ಎಂದಿತ್ತು. ಎಂಬತ್ತೇಳರ ಮುದುಕಿಗೆ ಹೀಗೆ ಮಾಡಿದೆನಲ್ಲ ಎಂದು ಸುಲಭಾಳಿಗೆ ತನ್ನ ಮೇಲೂ ಹೇಸಿಕೆಯಾಯಿತು. ಬೆಳಗಿನಿಂದ ಹೇಸಿಕೆಗೆ ಆ ದಾರಿ ರೂಢಿಯಾಗಿಬಿಟ್ಟಿತ್ತು. ಕೆಮ್ಮು ತಗ್ಗಿದ ಮೇಲೆ ಮುದುಕಿ ಒದ್ದೆ ಕಣ್ಣುಗಳನ್ನು ಎತ್ತಿ, ಅಡುಗೆ ಕೆಡಿಸಿದವಳನ್ನು ಗದರಿಸುವಂತೆ ಕೇಳಿದಳು:

“ಬೀಜಾ ತಗದಿದ್ದಿಲ್ಲೇನು ನೀ?”

“ಇಲ್ರಿ. ಇದ್ದದ್ದು ಇದ್ದಂಗ ಹಾಕೀನಿ.”

ಸುಲಭಾ ಎದ್ದು, ಮುದುಕಿಯ ತೊಡೆಯ ಮೇಲಿನ ಹಾಳೆಗಳನ್ನು ಹಿಡಿದು ಎಳೆದುಕೊಂಡಳು. ಮೇಲಿದ್ದ ಬೆರಳು ತಡೆಯಲಿಲ್ಲ. ಅರಿಷಿಣದ ಹಾಳೆಯ ಸಮೇತ ಹನ್ನೆರಡನ್ನೂ ಚೀಲಕ್ಕೆ ತುರುಕಿ ಹೊಸ್ತಿಲು ದಾಟುವಾಗ ಹಿಂದಿನಿಂದ ಚಂಪೂತಾಯಿಯ ದನಿ ಬಂತು, ಕೆಮ್ಮಿನ ನಡುವೆ, ಈಗ ಗದರಿಕೆಯಿಲ್ಲದ ದನಿ.

“ಇನ್ನೊಮ್ಮೆ ಹಾಕವಾ, ಸುಲಭಾ. ಈ ಸಲ ಬೀಜಾ ತಗದು ಹಾಕು.”

ಸುಲಭಾ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.